ಬೀಸುಗಾಳದ ಬಗೆ

12ನೆಯ ಶತಮಾನದ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮೀನು ಹಿಡಿಯುವುದನ್ನೂ ಅರಸರ ವಿನೋದಗಳಲ್ಲಿ ಎಣಿಸಿದ್ದಾನೆ. ಅಲ್ಲಿಯದು ಎರೆಯಿಟ್ಟ ಗಾಳ. ನಾನೀಗ ಹೇಳಹೊರಟಿರುವುದು ಬೀಸುಗಾಳದ ವಿಚಾರ. ಗರಿ, ನೂಲುಗಳಿಂದ ಕಟ್ಟಿದ ಹುಸಿನೊಣಕ್ಕೆ ತೂಕವೆಂಬುದೇ ಇಲ್ಲ. ತೂಕವಿರುವುದು ಹುರಿಯಲ್ಲಿ. ಆದುದರಿಂದ ಇಲ್ಲಿ ಎಸೆಯುವುದು ಹುರಿಯನ್ನು. ನೊಣ ಅದರ ಬೆನ್ನುಹತ್ತಿ ಹೋಗುತ್ತದೆ.

ಒಂಟಿಗೈ ಕೋಲನ್ನು ಹಿಂದಕ್ಕೆ ಬೀಸಿ ಥಟ್ಟನೆ ನಿಲ್ಲಿಸಬೇಕು. ಹುರಿ ಬೆನ್ನ ಹಿಂದೆ ನೀಳವಾಗಿ ಬಿಚ್ಚಿಕೊಳ್ಳುವವರೆಗೆ ಕಾಯಬೇಕು. ಆಮೇಲೆ ಮುಂದಕ್ಕೆ ಬೀಸಿದರೆ ಅದರ ಭಾರಕ್ಕೆ ಕೋಲು ಬಿಲ್ಲಿನಂತೆ ಬಾಗುತ್ತದೆ. ಮತ್ತೆ ನಿಲ್ಲಿಸಿದೊಡನೆ ಆ ಬಾಗೇ ಹುರಿಯನ್ನು ಚಿಮ್ಮಿಸುತ್ತದೆ. ಹೊಸಬರು ಸೋಲುವುದು ಬಲ ಸಾಲದೆ ಅಲ್ಲ, ಕಾಯಲಾರದೆ.

ಭೀಮೇಶ್ವರಿಯ ಬಳಿಯ ಕಾವೇರಿಯಂತೆ ದಡದಲ್ಲಿ ಬೆನ್ನಿಗೇ ಮರಗಳಿದ್ದರೆ? ಅದಕ್ಕೆ ಸ್ಕಾಟ್ಲೆಂಡಿನ ಸ್ಪೇ ನದಿಯ ಹೆಸರು ಹೊತ್ತ ಬೀಸು, ಉದ್ದನೆಯ ಜೋಡಿಗೈ ಕೋಲು. ಹುರಿಯ ತುದಿಯನ್ನು ನೀರಿಗೆ ತಾಗಿಸಿ, ನೀರಿನ ಹಿಡಿತವನ್ನೇ ಆಧಾರಮಾಡಿಕೊಂಡು, ಪಕ್ಕದಲ್ಲಿ ಹುರಿಯ ಕಮಾನು ಕಟ್ಟಿ ಮುಂದಕ್ಕೆ ಚಿಮ್ಮಿಸುತ್ತಾರೆ. ಮೇಲಿನ ಕೈ ಆನಿಕೆ. ಕೆಳಗಿನ ಕೈ ಎಳೆಯುವುದು.

ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಕೊಕ್ಕೆಯ ಬದಲು ನೂಲಿನ ಚೂರು ಕಟ್ಟಿಕೊಂಡು ನಮ್ಮ ನಾಗರಬಾವಿಯ ಬಯಲಿನಲ್ಲೂ ಈ ವಿದ್ಯೆಯನ್ನು ಕಲಿಯಬಹುದು. ಕಲಿಯಬೇಕಾದದ್ದು ಕಾಯುವುದನ್ನು, ಆ ಮೀನು ಇಂದು ನಮ್ಮಿಂದ ಬಯಸುವುದೂ ಅದನ್ನೇ.