ಹೆಸರು, ನಿರ್ಣಯ, ರುಜು: ರಾಜ್ಯ ಸರ್ಕಾರದಲ್ಲಿ ಕಾರ್ಯಾಧಿಕಾರದ ಹಂಚಿಕೆ

ಸರ್ಕಾರದ ಆದೇಶಪತ್ರವೊಂದು ಕೈಗೆ ಬಂದಾಗ ನಾವು ಸಾಮಾನ್ಯವಾಗಿ ಅದರ ನಡುವಣ ನಾಲ್ಕು ಸಾಲುಗಳನ್ನು ಮಾತ್ರ ಓದುತ್ತೇವೆ. ಹಣ ಮಂಜೂರಾಯಿತೆ, ವರ್ಗವಾಯಿತೆ, ಊರಿಗೆ ಶಾಲೆ ಬಂದಿತೆ ಎಂಬಷ್ಟಕ್ಕೇ ನಮ್ಮ ಕುತೂಹಲ ತೃಪ್ತವಾಗುತ್ತದೆ. ಆದರೆ ರಾಜ್ಯದ ಅಧಿಕಾರವು ಯಾರಲ್ಲಿ ನೆಲಸಿದೆ ಎಂಬ ಜಿಜ್ಞಾಸೆಯಿಂದ ಅದೇ ಪತ್ರವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಓದುವವರಿಗೆ ಅದರ ತಲೆಯೂ ಬಾಲವೂ ಒಡಲಿಗಿಂತ ಹೆಚ್ಚು ಬೋಧಪ್ರದವಾಗಿ ತೋರುವುವು. ತಲೆಯಲ್ಲಿ 'ಕರ್ನಾಟಕ ಸರ್ಕಾರದ ನಡವಳಿಗಳು' ಎಂಬ ಶೀರ್ಷಿಕೆ. ಅದರ ಕೆಳಗೆ ವಿಷಯ, ಓದಲಾದ ಹಿಂದಿನ ಪತ್ರಗಳ ಪಟ್ಟಿ, ಪ್ರಸ್ತಾವನೆ, ಅನಂತರ ಸಂಖ್ಯೆ ದಿನಾಂಕಗಳೊಡನೆ ಆದೇಶ. ಕಡೆಯಲ್ಲಿ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂಬ ಒಂದು ಸಾಲು. ಆ ಸಾಲಿನಡಿಯಲ್ಲಿ ರುಜು. ರುಜುವಾದರೋ ಬಹುಮಟ್ಟಿಗೆ, ಜನರು ಹೆಸರನ್ನೇ ಕೇಳಿರದ ಒಬ್ಬ ಅಧೀನ ಕಾರ್ಯದರ್ಶಿಯದು. ಯಾರ ಹೆಸರಿನಲ್ಲಿ ಆದೇಶ ಹೊರಟಿತೋ ಆ ರಾಜ್ಯಪಾಲರು ಸಾಧಾರಣವಾಗಿ ಆ ಕಾಗದವನ್ನು ಕಣ್ಣಿನಿಂದಲೂ ಕಂಡಿರುವುದಿಲ್ಲ. ಯಾರು ನಿರ್ಣಯಿಸಿದರೋ ಆ ಮಂತ್ರಿಗೆ ಅದರಡಿಯಲ್ಲಿ ರುಜು ಹಾಕುವ ಕೆಲಸವಿಲ್ಲ. ರುಜು ಹಾಕಿದವರಿಗೆ ಅಂಥ ನಿರ್ಣಯವನ್ನು ತಾವಾಗಿ ಕೈಕೊಳ್ಳುವ ಸ್ವಾತಂತ್ರ್ಯವಿಲ್ಲ. ಹೆಸರು ಒಬ್ಬರದು, ನಿರ್ಣಯ ಇನ್ನೊಬ್ಬರದು, ರುಜು ಮತ್ತೊಬ್ಬರದು. ಈ ಮೂರೂ ಒಂದು ಹಾಳೆಯ ಮೇಲೆ ಕೂಡಿದಾಗಲೇ ಸರ್ಕಾರವು ಬಾಯಿಬಿಟ್ಟು ಮಾತನಾಡಿತೆಂದು ಲೆಕ್ಕ. ಈ ತ್ರಿವಿಧ ವಿಭಾಗವನ್ನು ಬಿಡಿಸಿ ನೋಡುವುದೇ ಪ್ರಸ್ತುತ ಅಧ್ಯಾಯದ ಉದ್ದೇಶ.

ಹೆಸರು

ಸಂವಿಧಾನದ 154ನೆಯ ಅನುಚ್ಛೇದವು ರಾಜ್ಯದ ಕಾರ್ಯಾಧಿಕಾರವನ್ನು ರಾಜ್ಯಪಾಲರಲ್ಲಿ ನಿಹಿತಗೊಳಿಸಿ, ಅದನ್ನು ಅವರು ಸ್ವತಃ ಆಗಲಿ ತಮ್ಮ ಅಧೀನರಾದ ಅಧಿಕಾರಿಗಳ ಮೂಲಕವಾಗಲಿ ಸಂವಿಧಾನಾನುಸಾರ ಚಲಾಯಿಸತಕ್ಕದ್ದೆಂದು ವಿಧಿಸುತ್ತದೆ. ಇಷ್ಟನ್ನೇ ಓದಿ ಪುಸ್ತಕವನ್ನು ಮುಚ್ಚಿದವನು ರಾಜ್ಯಪಾಲರನ್ನು ಸರ್ವಾಧಿಕಾರಿಯೆಂದು ಭ್ರಮಿಸಿದರೆ ತಪ್ಪು ಅವನದಲ್ಲ. ಆದರೆ 163ನೆಯ ಅನುಚ್ಛೇದವು, ಮುಖ್ಯಮಂತ್ರಿಯು ಅಗ್ರಸ್ಥಾನದಲ್ಲಿರುವ ಮಂತ್ರಿಮಂಡಲವೊಂದು ರಾಜ್ಯಪಾಲರಿಗೆ ನೆರವನ್ನೂ ಸಲಹೆಯನ್ನೂ ನೀಡಲು ಇರತಕ್ಕದ್ದೆಂದು ಹೇಳಿ, ಕೊಟ್ಟುದರ ಬಹುಪಾಲನ್ನು ಬೇರೊಂದು ಕೈಗೆ ದಾಟಿಸಿಬಿಡುತ್ತದೆ.

ಸಂವಿಧಾನ ಸಭೆಯ ಆರಂಭದ ಆಲೋಚನೆ ಬೇರೆಯಾಗಿದ್ದಿತು. ರಾಜ್ಯಪಾಲರನ್ನು ವಯಸ್ಕ ಮತದಾರರೇ ನೇರವಾಗಿ ಚುನಾಯಿಸಬೇಕೆಂದು 1947ರಲ್ಲಿ ಸಭೆಯು ಒಪ್ಪಿತ್ತು. ಆದರೆ ಜನರ ಮತದಿಂದಲೇ ಬಂದ ರಾಜ್ಯಪಾಲರೊಬ್ಬರು, ಜನರ ಮತದಿಂದಲೇ ಬಂದ ಮುಖ್ಯಮಂತ್ರಿಯೊಬ್ಬರು, ಹೀಗೆ ಒಂದೇ ಮನೆಗೆ ಇಬ್ಬರು ಯಜಮಾನರಾದರೆ ಕಲಹ ತಪ್ಪದೆಂಬ ವಿವೇಕವು ಮೇಲುಗೈಯಾಗಿ, 1949ರಲ್ಲಿ ಚುನಾವಣೆಯನ್ನು ಕೈಬಿಟ್ಟು ರಾಷ್ಟ್ರಪತಿಗಳ ನೇಮಕಕ್ಕೆ ಸಭೆಯು ಸಮ್ಮತಿಸಿತು. ಚುನಾವಣೆಯಿಲ್ಲದ ಪದವಿಗೆ ಗೌರವವಿರಬಹುದು, ಜನಾದೇಶದ ಬಲವಿರಲಾರದು; ಆ ಬಲವು ಇರಬಾರದೆಂಬುದೇ ಅಲ್ಲಿನ ಉದ್ದೇಶವಾಗಿದ್ದಿತು.

ಈ ಪರಿವರ್ತನೆಯನ್ನು ಕಣ್ಣಾರೆ ಕಾಣಬೇಕಾದರೆ ಮೈಸೂರಿನ ಚರಿತ್ರೆಗಿಂತ ಒಳ್ಳೆಯ ಉದಾಹರಣೆಯಿಲ್ಲ. 1940ರಲ್ಲಿ ಸಿಂಹಾಸನವನ್ನೇರಿದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಮೊದಲು ಮಹಾರಾಜರು. ದಿವಾನರು ಅವರಿಗೆ ಹೊಣೆಗಾರರೇ ಹೊರತು ಪ್ರಜೆಗಳಿಗಲ್ಲ. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರ ವಹಿಸಿಕೊಂಡಿತು. 1950ರಲ್ಲಿ ಸಂವಿಧಾನವು ಜಾರಿಗೆ ಬಂದಾಗ ಒಡೆಯರವರು ರಾಜಪ್ರಮುಖರಾದರು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದುಗೂಡಿದಾಗ ಅದೇ ಒಡೆಯರವರು ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾಗಿ 1964ರವರೆಗೆ ಆ ಸ್ಥಾನದಲ್ಲಿದ್ದರು. ವ್ಯಕ್ತಿ ಒಬ್ಬರೇ, ಆಜ್ಞೆಗಳು ಹೊರಟದ್ದು ಅವರ ಪದವಿಯ ಹೆಸರಿನಲ್ಲಿಯೇ. ಆದರೆ ಇಚ್ಛೆಯ ನೆಲೆ ಮಾತ್ರ ಅರಮನೆಯಿಂದ ಹೊರಟು ವಿಧಾನಸೌಧವನ್ನು ಸೇರಿತ್ತು. ಅರಸೊತ್ತಿಗೆಯಿಂದ ಹೆಸರನ್ನು ಉಳಿಸಿಕೊಂಡು ಇಚ್ಛೆಯನ್ನು ಬೇರ್ಪಡಿಸಿದುದೇ ನಮ್ಮ ಕಾರ್ಯಾಂಗದ ಮೊದಲ ವಿಭಾಗ.

ರಾಜ್ಯಪಾಲರ ಹೆಸರು ಮಂತ್ರಿಗಳ ಸಲಹೆಗೆ ಬದ್ಧವಾದುದೆಂಬುದನ್ನು ಶಂಶೇರ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧೀಶರ ಪೀಠವು 1974ರಲ್ಲಿ ನಿಸ್ಸಂದಿಗ್ಧವಾಗಿ ಹೇಳಿತು. ಹಾಗೆಂದು ಅವರ ವಿವೇಚನೆಗೆ ಏನೂ ಉಳಿದಿಲ್ಲವೆನ್ನಲಾಗದು. ಯಾವ ಪಕ್ಷಕ್ಕೂ ಬಹುಮತವಿಲ್ಲದಾಗ ಯಾರನ್ನು ಕರೆಯಬೇಕು, ರಾಜ್ಯದಲ್ಲಿ ಸಂವಿಧಾನಯಂತ್ರವು ನಿಂತುಹೋಗಿದೆಯೆಂದು ರಾಷ್ಟ್ರಪತಿಗಳಿಗೆ ವರದಿ ಕಳುಹಬೇಕೆ ಎಂಬಂಥ ಸಂದರ್ಭಗಳಲ್ಲಿ ಅವರು ತಮ್ಮ ಬುದ್ಧಿಯನ್ನೇ ನೆಚ್ಚಬೇಕಾಗುತ್ತದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಅಭಿವೃದ್ಧಿಯ ವಿಷಯದಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆಯನ್ನು ವಹಿಸಲು 371ಜೆ ಅನುಚ್ಛೇದವು ಅವಕಾಶವಿತ್ತಿದೆ. ಆದರೆ ಆ ವಿವೇಚನೆಗೂ ಮೇರೆಯುಂಟು. 1989ರ ಏಪ್ರಿಲಿನಲ್ಲಿ, ಬಹುಮತ ಕಳೆದುಹೋಯಿತೆಂಬ ರಾಜ್ಯಪಾಲರ ವರದಿಯ ಮೇಲೆ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವು ವಜಾ ಆಯಿತು. ವಿಧಾನಸಭೆಯಲ್ಲಿ ಬಲಪರೀಕ್ಷೆಗೆ ಸಿದ್ಧನೆಂದು ಅವರು ಹೇಳಿದರೂ ಅವಕಾಶ ದೊರೆಯಲಿಲ್ಲ. ಬಹುಮತವನ್ನು ಅಳೆಯತಕ್ಕ ಸ್ಥಳ ಸದನವೇ, ರಾಜಭವನವಲ್ಲ ಎಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು 1994ರಲ್ಲಿ ತೀರ್ಪಿತ್ತಿತು. ತೀರ್ಪು ಬರುವ ಹೊತ್ತಿಗೆ ಆ ಸರ್ಕಾರವು ಚರಿತ್ರೆಗೆ ಸೇರಿಹೋಗಿದ್ದಿತು. ಆದರೆ ಅನಂತರದ ಎಲ್ಲ ರಾಜ್ಯಗಳ ಸರ್ಕಾರಗಳೂ ಕನ್ನಡ ನಾಡಿನ ಆ ನಷ್ಟದಿಂದ ಲಾಭ ಪಡೆದುವು.

ನಿರ್ಣಯ

ನಿರ್ಣಯವು ಮಂತ್ರಿಮಂಡಲದ್ದು. ಮುಖ್ಯಮಂತ್ರಿಯನ್ನೂ, ಮುಖ್ಯಮಂತ್ರಿಯ ಸಲಹೆಯ ಮೇರೆಗೆ ಇತರ ಮಂತ್ರಿಗಳನ್ನೂ ರಾಜ್ಯಪಾಲರೇ ನೇಮಿಸುತ್ತಾರೆ. ಶಾಸಕರಲ್ಲದವರೂ ಮಂತ್ರಿಗಳಾಗಬಹುದಾದರೂ ಆರು ತಿಂಗಳೊಳಗೆ ಯಾವುದಾದರೊಂದು ಸದನದ ಸದಸ್ಯರಾಗದಿದ್ದರೆ ಪದವಿಯು ತಾನಾಗಿ ಜಾರುತ್ತದೆ. ಅತೃಪ್ತರನ್ನು ತೃಪ್ತಿಪಡಿಸುವ ನೆಪದಲ್ಲಿ ಮಂತ್ರಿಮಂಡಲಗಳು ಬೆಳೆದುಬೆಳೆದು ಭಾರವಾದುದರಿಂದ, 2003ರ 91ನೆಯ ತಿದ್ದುಪಡಿಯು ವಿಧಾನಸಭೆಯ ಒಟ್ಟು ಸದಸ್ಯಬಲದ ಶೇಕಡ 15ನ್ನು ಮೀರಕೂಡದೆಂಬ ಕಟ್ಟನ್ನು ಹಾಕಿತು. 224 ಸ್ಥಾನಗಳ ಕರ್ನಾಟಕದಲ್ಲಿ ಈ ಲೆಕ್ಕ 33.6ಕ್ಕೆ ಬರುವುದರಿಂದ, ಮುಖ್ಯಮಂತ್ರಿಯೂ ಸೇರಿ 34 ಎಂದು ಎಣಿಸುವ ರೂಢಿಯಿದೆ.

ಇಷ್ಟು ಮಂದಿಯ ನಡುವೆ ಕೆಲಸ ಹಂಚಿಕೆಯಾಗುವುದು ಬಾಯಿಮಾತಿನಿಂದಲ್ಲ. 166ನೆಯ ಅನುಚ್ಛೇದದ ಮೇರೆಗೆ ರಚಿತವಾದ ಎರಡು ನಿಯಮಾವಳಿಗಳು ಕರ್ನಾಟಕದಲ್ಲಿವೆ, ಎರಡೂ 1977ರವು. ಒಂದು, ಯಾವ ವಿಷಯ ಯಾವ ಇಲಾಖೆಗೆ ಸೇರಿದುದೆಂದು ಗೆರೆ ಎಳೆಯುತ್ತದೆ; ಇನ್ನೊಂದು, ಆ ವಿಷಯವು ಯಾರ ಹಂತದಲ್ಲಿ ಇತ್ಯರ್ಥವಾಗತಕ್ಕದ್ದು, ಯಾವುದು ಸಚಿವ ಸಂಪುಟದ ಮುಂದೆ ಬರಲೇಬೇಕು, ಯಾವುದಕ್ಕೆ ಆರ್ಥಿಕ ಇಲಾಖೆಯ ಸಹಮತಿ ಬೇಕು ಎಂಬುದನ್ನು ಹೇಳುತ್ತದೆ. ರಸ್ತೆ ಬೇಕೆಂದು ಲೋಕೋಪಯೋಗಿ ಮಂತ್ರಿ ಹಂಬಲಿಸಬಹುದು. ಬೊಕ್ಕಸದ ಕೀಲಿಕೈ ಇರುವ ಇಲಾಖೆ ಹೂಂಗುಟ್ಟದೆ ಆ ಹಂಬಲಕ್ಕೆ ಕಾಲು ಬರುವುದಿಲ್ಲ. ಖಾತೆಗಳನ್ನು ಹಂಚುವವರೂ ಮರಳಿ ಪಡೆಯುವವರೂ ವಸ್ತುತಃ ಮುಖ್ಯಮಂತ್ರಿಗಳೇ ಆದುದರಿಂದ ಸಹೋದ್ಯೋಗಿಗಳಲ್ಲಿ ಅವರ ತೂಕ ಹೆಚ್ಚು. ಉಪಮುಖ್ಯಮಂತ್ರಿಯೆಂಬ ಪದವಿಯಾದರೋ ಸಂವಿಧಾನದಲ್ಲಿ ಎಲ್ಲಿಯೂ ಕಾಣಬರುವುದಿಲ್ಲ, ಅದು ರಾಜಕೀಯದ ಅಗತ್ಯವು ಸೃಷ್ಟಿಸಿದ ಮರ್ಯಾದೆ.

ಒಬ್ಬ ಮಂತ್ರಿ ತನ್ನ ಕೋಣೆಯಲ್ಲಿ ಕುಳಿತು ಮಾಡಿದ ನಿರ್ಣಯಕ್ಕೂ ಮಂಡಲದ ಎಲ್ಲರೂ ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆ. ಆದುದರಿಂದಲೇ 167ನೆಯ ಅನುಚ್ಛೇದವು, ಮಂತ್ರಿಯೊಬ್ಬರು ಒಂಟಿಯಾಗಿ ನಿರ್ಣಯಿಸಿದ ವಿಷಯವನ್ನು ಇಡೀ ಮಂಡಲದ ಪರ್ಯಾಲೋಚನೆಗೆ ತರಬೇಕೆಂದು ಮುಖ್ಯಮಂತ್ರಿಯನ್ನು ಕೇಳುವ ಹಕ್ಕನ್ನು ರಾಜ್ಯಪಾಲರಿಗೆ ಕೊಟ್ಟಿದೆ. ಹೆಸರು ಕೊಟ್ಟವರು ನಿರ್ಣಯವನ್ನು ಬದಲಿಸಲಾರರು. ಆದರೆ ಅದು ಹಲವರ ವಿಚಾರದ ಒರೆಗಲ್ಲಿಗೆ ತಾಕಲಿ ಎಂದು ಹೇಳಬಲ್ಲರು.

ರುಜು

ಕಡತವು ಹುಟ್ಟುವುದು ಸಚಿವಾಲಯದ ಕೆಳಮೆಟ್ಟಲಿನಲ್ಲಿ. ವಿಷಯ ನಿರ್ವಾಹಕರು ಟಿಪ್ಪಣಿ ಬರೆಯುತ್ತಾರೆ; ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಇಲಾಖೆಯ ಕಾರ್ಯದರ್ಶಿ ಎಂಬ ಮೆಟ್ಟಲುಗಳನ್ನು ಹತ್ತಿ, ಪ್ರತಿಯೊಂದರಲ್ಲಿಯೂ ಒಂದೊಂದು ಅಭಿಪ್ರಾಯವನ್ನು ಹೊತ್ತು, ಅದು ಮಂತ್ರಿಗಳ ಮೇಜಿಗೆ ಬಂದು, ಅನುಮೋದನೆ ಪಡೆದು, ಹತ್ತಿದ ಮೆಟ್ಟಲುಗಳನ್ನೇ ಇಳಿದು ಆದೇಶವಾಗಿ ಹೊರಬೀಳುತ್ತದೆ. ಈ ಇಳಿಯುವ ಪಯಣವನ್ನು ಗುಮಾಸ್ತಗಿರಿಯ ವ್ಯರ್ಥ ವಿಧಿಯೆಂದು ಅಲ್ಲಗಳೆಯುವವರು, 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಒಂದು ಮೊಕದ್ದಮೆಯನ್ನು ನೆನೆಯಬೇಕು.

ಪಟಿಯಾಲ ಮತ್ತು ಪೂರ್ವ ಪಂಜಾಬ್ ಸಂಸ್ಥಾನಗಳ ಒಕ್ಕೂಟದಲ್ಲಿ ಕಂದಾಯದ ಕೆಲಸದಲ್ಲಿದ್ದ ಅಧಿಕಾರಿಯೊಬ್ಬನು ದಾಖಲೆಗಳನ್ನು ತಿದ್ದಿದ ಆಪಾದನೆಯ ಮೇಲೆ ವಜಾ ಆಗಿ, ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಿದನು. ಕಂದಾಯ ಮಂತ್ರಿಗಳು ಅವನು ನಿರಾಶ್ರಿತನೂ ದೊಡ್ಡ ಸಂಸಾರಿಯೂ ಆಗಿರುವುದನ್ನು ಕಂಡು ಕನಿಕರಿಸಿ, ವಜಾ ಬೇಡ, ಹಿಂದಿನ ಕೆಳ ಹುದ್ದೆಗೆ ಇಳಿಸಿದರೆ ಸಾಕೆಂದು ಕಡತದಲ್ಲಿ ಬರೆದರು. ಅದು ಆದೇಶವಾಗಿ ಹೊರಡುವುದಕ್ಕೆ ಮುನ್ನ 1956ರ ನವೆಂಬರ್ 1 ಬಂದಿತು. ಇಲ್ಲಿ ನಮ್ಮ ನಾಡು ಒಂದಾದ ದಿನವೇ ಅಲ್ಲಿ ಆ ಒಕ್ಕೂಟವು ಪಂಜಾಬಿನಲ್ಲಿ ವಿಲೀನವಾಯಿತು. ಕಡತವು ಹೊಸ ಸರ್ಕಾರಕ್ಕೆ ಹೋಗಿ, ಮುಖ್ಯಮಂತ್ರಿಗಳು ವಜಾವನ್ನೇ ಎತ್ತಿಹಿಡಿದರು. ಹಿಂದಿನ ಮಂತ್ರಿಯ ಬರಹವೇ ಸರ್ಕಾರದ ಆಜ್ಞೆಯೆಂದು ಆತನು ವಾದಿಸಿದನು. ನ್ಯಾಯಾಲಯ ಒಪ್ಪಲಿಲ್ಲ: ರಾಜ್ಯಪಾಲರ ಹೆಸರಿನಲ್ಲಿ ವ್ಯಕ್ತವಾಗಿ ಸಂಬಂಧಪಟ್ಟವನಿಗೆ ತಿಳಿಸಲ್ಪಡುವವರೆಗೆ ಕಡತದ ಮಾತು ಬರಿಯ ಅಭಿಪ್ರಾಯವೇ, ಅದನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಿತು. ಒಬ್ಬನ ಜೀವನೋಪಾಯವು ನಿರ್ಣಯಕ್ಕೂ ರುಜುವಿಗೂ ನಡುವಣ ಆ ಕಿರು ಅಂತರದಲ್ಲಿ ಬಿದ್ದುಹೋಯಿತು. ನಿಯಮ ನಿರ್ದಯವೆನ್ನಿಸಬಹುದು, ಆದರೆ ಬಲಾಢ್ಯನೊಬ್ಬನು ರಾತ್ರಿ ಗೀಚಿದ ಸಾಲು ಮುಂಜಾನೆ ಪ್ರಜೆಯ ಕೊರಳಿಗೆ ಬೀಳದಂತೆ ತಡೆಯುವುದೂ ಇದೇ ನಿಯಮ.

ಶಾಸನವೇ ಕೊಟ್ಟ ಕೈ

ಈ ಮೂರರ ಹೊರಗೆ ನಾಲ್ಕನೆಯ ಬಗೆಯೊಂದುಂಟು. ಕೆಲವು ಅಧಿಕಾರಗಳನ್ನು ವಿಧಾನಮಂಡಲವು ಸರ್ಕಾರದ ಕೈಗೆ ಕೊಡದೆ, ಶಾಸನದಲ್ಲಿ ಹೆಸರಿಸಿದ ಅಧಿಕಾರಿಯ ಕೈಗೇ ನೇರವಾಗಿ ಕೊಟ್ಟಿರುತ್ತದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಲ್ಲಿ ಜಿಲ್ಲಾಧಿಕಾರಿಗೆ ಇಷ್ಟು, ಉಪವಿಭಾಗಾಧಿಕಾರಿಗೆ ಇಷ್ಟು, ತಹಸೀಲ್ದಾರರಿಗೆ ಇಷ್ಟು ಎಂಬ ಹಂಚಿಕೆ ಕಾಣುವುದು ಹೀಗೆ. ಅಂಥ ಅಧಿಕಾರವನ್ನು ಮೇಲಿನವರ ಅಪ್ಪಣೆಯಂತೆ ಚಲಾಯಿಸಿದರೆ ಅದು ಚಲಾಯಿಸಿದಂತೆಯೇ ಆಗುವುದಿಲ್ಲ. ಮುಂಬಯಿಯ ಪೊಲೀಸ್ ಕಮಿಷನರು ಅಂಧೇರಿಯಲ್ಲಿ ಚಿತ್ರಮಂದಿರ ಕಟ್ಟಲು ತಾವೇ ಕೊಟ್ಟ ಅನುಮತಿಯನ್ನು ಸರ್ಕಾರದ ಸೂಚನೆಯ ಮೇರೆಗೆ ರದ್ದುಪಡಿಸಿದಾಗ, ಆ ರದ್ದತಿ ಕಮಿಷನರದಲ್ಲ, ಅಧಿಕಾರವೇ ಇಲ್ಲದ ಸರ್ಕಾರದ್ದು, ಆದುದರಿಂದ ನಿರರ್ಥಕವೆಂದು ಸರ್ವೋಚ್ಚ ನ್ಯಾಯಾಲಯವು 1951ರಲ್ಲಿಯೇ ಹೇಳಿತ್ತು. ಮೇಲಿರುವವನು ಕೆಳಗಿನವನ ಮೇಲ್ವಿಚಾರಣೆ ಮಾಡಬಹುದು, ಮೇಲ್ಮನವಿಯನ್ನು ಕೇಳಬಹುದು. ಆದರೆ ಅವನ ಕೈಯನ್ನು ಹಿಡಿದು ಬರೆಯಿಸಲಾಗದು.

ಈ ತತ್ತ್ವವನ್ನೆಲ್ಲ ಯಾವ ಗ್ರಂಥದ ನೆರವೂ ಇಲ್ಲದೆ ಬಲ್ಲವರು ತಾಲ್ಲೂಕು ಕಚೇರಿಯ ಮರದ ನೆರಳಿನಲ್ಲಿ ಕುಳಿತು ಅರ್ಜಿ ಬರೆದುಕೊಡುವ ಮಂದಿ. ಹಳ್ಳಿಯಿಂದ ಬಂದ ರೈತನು ತನ್ನ ಸಂಕಟವನ್ನು 'ಸರ್ಕಾರಕ್ಕೆ' ಹೇಳಬೇಕೆಂದು ತೊಡಗಿದರೆ, ಅವರು ಲೇಖನಿಯನ್ನು ಹಾಳೆಗೆ ಮುಟ್ಟಿಸುವ ಮೊದಲು ಕೇಳುವುದು ಒಂದೇ ಪ್ರಶ್ನೆ: ಪಹಣಿಯ ತಿದ್ದುಪಡಿಯೋ, ದಾರಿಯ ತಕರಾರೋ, ಪಿಂಚಣಿಯೋ? ಉತ್ತರ ಬಂದ ಮೇಲೆಯೇ 'ಇವರಿಗೆ' ಎಂಬ ಮಾತಿನ ಮುಂದೆ ತಹಸೀಲ್ದಾರರೋ ಉಪವಿಭಾಗಾಧಿಕಾರಿಗಳೋ ಬಂದು ಕೂಡುತ್ತಾರೆ. ಸರ್ಕಾರವೆಂಬುದಕ್ಕೆ ವಿಳಾಸವು ಒಂದಲ್ಲವೆಂಬುದನ್ನು ಅರಿತು, ಸರಿಯಾದ ವಿಳಾಸವನ್ನು ಕಂಡುಕೊಳ್ಳಬಲ್ಲ ಪ್ರಜೆಗೆ ಈ ಅಧ್ಯಾಯವು ಹೊಸದಾಗಿ ಕಲಿಸುವುದು ಸ್ವಲ್ಪವೇ.