ಹಾರಾಟ ಕಲಿಸುವ ಶಾಲೆಯನ್ನು ಅಳೆಯುವ ಬಗೆ

ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಪೂರ್ತಿ ಹೊಣೆ ವಿದ್ಯಾರ್ಥಿಯದೇ ಆಗಿರಬೇಕು. ರಾತ್ರಿ ಹಾರಾಟ, ಉಪಕರಣಗಳನ್ನಷ್ಟೇ ನಂಬಿ ಹಾರುವ ಅಭ್ಯಾಸ, 300 ನಾಟಿಕಲ್ ಮೈಲಿಯ ಒಂದು ಕ್ರಾಸ್‌ಕಂಟ್ರಿ ಹಾರಾಟ ಇವೂ ಸೇರಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ವಿಧಿಸಿರುವ ಈ ಲೆಕ್ಕ ಎಲ್ಲ ಶಾಲೆಗಳಿಗೂ ಒಂದೇ. ಆದ್ದರಿಂದಲೇ ಶಾಲೆ ಶಾಲೆಗಿರುವ ಅಂತರ ಅದರಲ್ಲಿ ಕಾಣುವುದಿಲ್ಲ. ಬೋಧಕ ಪಕ್ಕದಲ್ಲಿ ತೂಕಡಿಸುತ್ತ ಕಳೆದ ಗಂಟೆಯೂ ಲಾಗ್‌ಬುಕ್ಕಿನಲ್ಲಿ ಒಂದು ಗಂಟೆಯೇ. ಹಾರದ ಗಂಟೆಗಳನ್ನು ಬರೆದುಕೊಂಡವರೂ ಇದ್ದರು ಎಂಬುದು 2011ರಲ್ಲಿ ನಕಲಿ ದಾಖಲೆಗಳ ಹಗರಣ ಬಯಲಾದಾಗ ದೇಶಕ್ಕೆ ತಿಳಿಯಿತು.

ಪಾಠದ ಗುಣ ಮೊದಲು ತಿಳಿಯುವುದು ನೆಲದ ಮೇಲೆ. ಒಳ್ಳೆಯ ಶಾಲೆಯಲ್ಲಿ ವಿಮಾನ ಹತ್ತುವ ಮುನ್ನ ಬ್ರೀಫಿಂಗ್ ಇರುತ್ತದೆ: ಇಂದು ಯಾವ ಪಾಠ, ಯಾವ ಎತ್ತರದಲ್ಲಿ, ಎಂಜಿನ್ ನಿಂತರೆ ಯಾವ ಬಯಲಿಗೆ ತಿರುಗಬೇಕು. ಇಳಿದ ಮೇಲೆ ಡಿಬ್ರೀಫಿಂಗ್. ಅನುಭವಿ ಬೋಧಕರು ತಪ್ಪುಗಳ ಪಟ್ಟಿ ಓದುವ ಬದಲು, ಎಲ್ಲಿ ಎಡವಿತು ಎಂದು ವಿದ್ಯಾರ್ಥಿಯ ಬಾಯಿಂದಲೇ ಹೇಳಿಸುತ್ತಾರೆ. ತನ್ನ ತಪ್ಪನ್ನು ತಾನೇ ಗುರುತಿಸಬಲ್ಲವನನ್ನು ಮಾತ್ರ ಒಂಟಿಯಾಗಿ ಮೇಲೆ ಕಳಿಸಬಹುದು. ‘ಹತ್ತು, ಹಾರು, ಇಳಿ, ಸಹಿ’ ಎಂಬ ಕ್ರಮ ನಡೆಯುವ ಕಡೆ ಶುಲ್ಕದ ದೊಡ್ಡ ಪಾಲು ಇಂಧನಕ್ಕೆ ಹೋಗುತ್ತದೆ, ಕಲಿಕೆಗಲ್ಲ.

ಆಕಾಶದಲ್ಲಿ ನೋಡಬೇಕಾದದ್ದು ಬೋಧಕನ ಕೈ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಶಾಲೆಗಳಲ್ಲಿ ಅಪಾಯದ ಚಲನೆಗಳಿಂದ ದೂರವಿರುವುದನ್ನೇ ಕಲಿಸುತ್ತಿದ್ದರು. ತರಬೇತಿಯಲ್ಲೇ ಸತ್ತವರು ಬಹಳ. 1917ರಲ್ಲಿ ಗಾಸ್ಪೋರ್ಟ್‌ನಲ್ಲಿ ಮೇಜರ್ ರಾಬರ್ಟ್ ಸ್ಮಿತ್-ಬ್ಯಾರಿ ಈ ಪದ್ಧತಿಯನ್ನು ತಲೆಕೆಳಗು ಮಾಡಿದರು. ಎರಡೂ ಆಸನಗಳಲ್ಲಿ ನಿಯಂತ್ರಣವಿದ್ದ ಆವ್ರೋ 504 ವಿಮಾನದಲ್ಲಿ ವಿದ್ಯಾರ್ಥಿಯನ್ನು ಬೇಕೆಂದೇ ಗಿರಕಿಗೆ (ಸ್ಪಿನ್) ಸಿಲುಕಿಸಿ, ಹೊರಬರುವ ದಾರಿಯನ್ನು ಅವನ ಕೈಯಿಂದಲೇ ಮಾಡಿಸಿದರು. ಎಂಜಿನ್ ಸದ್ದಿನ ನಡುವೆ ಮಾತು ಕೇಳಿಸಲು ರಬ್ಬರ್ ಕೊಳವೆಯೊಂದು ಬಂತು; ಅದಕ್ಕೂ ಗಾಸ್ಪೋರ್ಟ್ ಎಂಬ ಹೆಸರೇ ನಿಂತಿತು. ಇಂದಿಗೂ ಬೋಧಕನನ್ನು ಅಳೆಯುವ ಕೋಲು ವಿದ್ಯಾರ್ಥಿಯ ಕೈಯಿಂದಲೇ ಮಾಡಿಸುವ ಈ ಕ್ರಮವೇ. ತಪ್ಪು ಮೊಳೆಯುವ ಮುನ್ನವೇ ಕೈಹಾಕುವವನು ಕಲಿಸುವುದಿಲ್ಲ. ತಡವಾಗಿ ಹಾಕುವವನು ಉಳಿಯುವುದಿಲ್ಲ. ನಿಯಂತ್ರಣ ಯಾರ ಕೈಯಲ್ಲಿದೆ ಎಂಬುದರಲ್ಲಿ ಮಾತ್ರ ಅನುಮಾನಕ್ಕೆ ಎಡೆಯಿರಬಾರದು. ‘ಐ ಹ್ಯಾವ್ ಕಂಟ್ರೋಲ್’, ‘ಯು ಹ್ಯಾವ್ ಕಂಟ್ರೋಲ್’ ಎಂಬ ಮಾತುಗಳನ್ನು ಪ್ರತಿ ಬಾರಿಯೂ ಬಾಯಿಬಿಟ್ಟು ಹೇಳಿ, ಮರುನುಡಿಯುವ ರೂಢಿ ಅದಕ್ಕಾಗಿಯೇ. ಇಬ್ಬರೂ ಹಿಡಿದ ವಿಮಾನಕ್ಕಿಂತ ಯಾರೂ ಹಿಡಿಯದ ವಿಮಾನ ಹೆಚ್ಚು ಅಪಾಯದ್ದು.

ಸುರಕ್ಷತೆಯ ವಿಷಯದಲ್ಲಿ ಶಾಲೆಯ ಸ್ವಭಾವ ಹೊರಬೀಳುವುದು ಹಾರಾಟ ರದ್ದಾದ ದಿನ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. 35 ಡಿಗ್ರಿ ಬಿಸಿಲಿನ ಮಧ್ಯಾಹ್ನ ಅಲ್ಲಿನ ಗಾಳಿ, ವಿಮಾನದ ಮಟ್ಟಿಗೆ, ಸುಮಾರು 6,000 ಅಡಿ ಎತ್ತರದ ಗಾಳಿಯಷ್ಟು ತೆಳು. ಎಂಜಿನ್ನಿನ ಬಲ ಕುಗ್ಗುತ್ತದೆ, ರೆಕ್ಕೆಗೆ ಸಿಗುವ ಎತ್ತುವಿಕೆಯೂ ಕುಗ್ಗುತ್ತದೆ, ಟೇಕಾಫ್‌ಗೆ ಹೆಚ್ಚು ರನ್‌ವೇ ಬೇಕಾಗುತ್ತದೆ. ಬೆಳಿಗ್ಗೆ ಸಲೀಸಾಗಿ ಏರಿದ ಸೆಸ್ನಾ 172 ಅದೇ ತೂಕದಲ್ಲಿ ಮಧ್ಯಾಹ್ನ ತಿಣುಕುವುದು ಇದಕ್ಕೇ. ಈ ಲೆಕ್ಕವನ್ನು ವಿದ್ಯಾರ್ಥಿಯಿಂದಲೇ ಮಾಡಿಸಿ, ಉತ್ತರ ಸಾಲದಿದ್ದರೆ ವಿಮಾನವನ್ನು ಹ್ಯಾಂಗರಿಗೆ ತಳ್ಳುವ ಶಾಲೆ ನಂಬಿಕೆಗೆ ಅರ್ಹ. ‘ಇವತ್ತು ಗಂಟೆ ಮುಗಿಸಲೇಬೇಕು’ ಎಂಬ ಮಾತು ಪದೇ ಪದೇ ಕೇಳಿಬರುವ ಕಡೆ ಎಚ್ಚರ ಬೇಕು.

ವಿಮಾನಗಳ ಸ್ಥಿತಿ ಬಣ್ಣದಿಂದ ತಿಳಿಯದು. ಹಳೆಯ ವಿಮಾನವೂ ಸರಿಯಾದ ನಿರ್ವಹಣೆಯಲ್ಲಿ ಹೊಸದರಷ್ಟೇ ಭದ್ರ. ದೋಷಗಳನ್ನು ಬರೆಯುವ ಸ್ನ್ಯಾಗ್ ಪುಸ್ತಕವನ್ನು ನೋಡಬೇಕು. ತಿಂಗಳುಗಟ್ಟಲೆ ಅದು ಖಾಲಿಯಿದ್ದರೆ ವಿಮಾನ ಕೆಡುವುದಿಲ್ಲ ಎಂದಲ್ಲ, ಕೆಟ್ಟದ್ದನ್ನು ಬರೆಯಲು ಹೆದರಿಕೆಯಿದೆ ಎಂದೇ ಅರ್ಥ. ಹಾರುವ ಮುನ್ನ ಟ್ಯಾಂಕಿನ ತಳದಿಂದ ಗಾಜಿನ ಕಪ್ಪಿಗೆ ಇಂಧನ ಇಳಿಸಿ, ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ತಪ್ಪುವುದೂ ಇಂಥ ಕಡೆಯೇ.

ಇನ್ನುಳಿದದ್ದು ಲೆಕ್ಕಾಚಾರ. ವಿದ್ಯಾರ್ಥಿಗಳೆಷ್ಟು, ಬೋಧಕರೆಷ್ಟು, ಇಂದು ಹಾರಬಲ್ಲ ವಿಮಾನಗಳೆಷ್ಟು ಎಂಬ ಮೂರು ಸಂಖ್ಯೆ ಕೇಳಿದರೆ ಕೋರ್ಸ್ ಯಾವಾಗ ಮುಗಿದೀತೆಂದು ಊಹಿಸಬಹುದು. ವಾರಗಟ್ಟಲೆ ಕಾಯುವ ವಿದ್ಯಾರ್ಥಿ ಕಲಿತದ್ದನ್ನು ಮರೆತು, ಮತ್ತೆ ಹಣ ಕೊಟ್ಟು ಅದೇ ಪಾಠ ಹಾರಬೇಕಾಗುತ್ತದೆ. ಬೋಧಕರು ವಿಮಾನಯಾನ ಕಂಪನಿಗಳಿಗೆ ಹೊರಟುಹೋಗುವುದು ಸಾಮಾನ್ಯ. ಆಗ ಹೊಸಬರಿಗೆ ದಾರಿ ತೋರಿಸುವುದು ಪ್ರತಿ ಹಾರಾಟದ ನಂತರ ಬರೆದ ಪ್ರಗತಿ ದಾಖಲೆಯೊಂದೇ. ‘ತೃಪ್ತಿಕರ’ ಎಂಬ ಒಂದೇ ಪದ ಇಪ್ಪತ್ತು ಪುಟ ತುಂಬಿದ್ದರೆ ಅದರಿಂದ ಪ್ರಯೋಜನವಿಲ್ಲ.

ಇಂಥ ಹೋಲಿಕೆಗೆ ಸರ್ಕಾರದ ಆಸರೆ ಸಿಕ್ಕಿದ್ದು ಈಚೆಗೆ. 2025ರಲ್ಲಿ ಡಿಜಿಸಿಎ ತರಬೇತಿ ಸಂಸ್ಥೆಗಳಿಗೆ ಶ್ರೇಣಿ ಕೊಡತೊಡಗಿತು. ಸುರಕ್ಷತೆ, ನಿಯಮಪಾಲನೆ, ವಿದ್ಯಾರ್ಥಿಗಳಿಗೆ ಸಿಗುವ ನೆರವು ಮುಂತಾದವನ್ನು ಅದರಲ್ಲಿ ತೂಗಲಾಗುತ್ತದೆ. ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ದರ್ಜೆಗಳು ಯಾವ ಸಂಸ್ಥೆಗೂ ದಕ್ಕಲಿಲ್ಲ.