ಬೆಲ್ಲದ ಹದ

ಬೆಲ್ಲದ ಸಿಹಿಯನ್ನು ಬಲ್ಲವರು ಬಹಳ ಮಂದಿ. ಬೆಲ್ಲದ ಹದವನ್ನು ಬಲ್ಲವರು ಕೆಲವರೇ. ಇಷ್ಟು ಸಣ್ಣ ಮಾತನ್ನು ಅರಿಯಲು ನಾನು ಕಂಪ್ಲಿಯವರೆಗೆ ಹೋಗಬೇಕಾಯಿತು.

ಹೊಸಪೇಟೆಯಿಂದ ಕಮಲಾಪುರದ ಮೇಲೆ ಹಾದು ಕಂಪ್ಲಿಗೆ ಹೋಗುವವನಿಗೆ ಮೊದಲು ಎದುರಾಗುವುದು ಕಲ್ಲು, ಆಮೇಲೆ ನೀರು. ಹಂಪಿಯ ಬಂಡೆಗಳ ನಡುವೆ ತುರ್ತು ಕಾಲುವೆ. ಹೊಸಪೇಟೆಯ ಮಗ್ಗುಲಿನಲ್ಲಿ ರಾಯ ಕಾಲುವೆ, ಬಸವಣ್ಣ ಕಾಲುವೆ. ಇವೆಲ್ಲ ವಿಜಯನಗರದ ಅರಸರ ಕಾಲದವು. 1565ರಲ್ಲಿ ಅರಮನೆಗಳು ಉರಿದವು. ಕಾಲುವೆಗಳು ಹರಿಯುತ್ತಲೇ ಉಳಿದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದ ಮೇಲೂ ಅವು ಬತ್ತಲಿಲ್ಲ. ಅವುಗಳ ದಂಡೆಯಲ್ಲಿ ಇಂದಿಗೂ ಭತ್ತ, ಬಾಳೆ, ಕಬ್ಬು. ರಾಜ್ಯವೊಂದು ಬಿಟ್ಟುಹೋದ ಆಸ್ತಿಗಳಲ್ಲಿ ಬಾಯಿಗೆ ರುಚಿಸುವಂಥದು ಇದೊಂದೇ ಇರಬೇಕು.

ನಾನು ಹೋದದ್ದು ಮಾಗಿಯ ಒಂದು ಮುಂಜಾನೆ. ಗಾಣದ ಮನೆಯ ಹೊಗೆ ಮಂಜಿನೊಡನೆ ಬೆರೆತಿತ್ತು. ಹಿಂದೆ ಎತ್ತುಗಳು ಸುತ್ತುತ್ತಿದ್ದ ಗಾಣವನ್ನು ಈಗ ಯಂತ್ರ ತಿರುಗಿಸುತ್ತದೆ. ಹಿಂಡಿದ ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸಿ ಅದನ್ನೇ ಒಲೆಗೆ ತುಂಬುತ್ತಾರೆ. ತನ್ನ ರಸವನ್ನು ತಾನೇ ಕಾಯಿಸಿಕೊಳ್ಳುವ ಬೆಳೆ ಬೇರೊಂದನ್ನು ನಾನು ಕಾಣೆ!

ಅಗಲವಾದ ಕೊಪ್ಪರಿಗೆಯಲ್ಲಿ ರಸ ಕಾಯತೊಡಗಿತು. ಅದರ ಹುಳಿಯನ್ನು ಅಡಗಿಸಲು ತುಸು ಸುಣ್ಣದ ತಿಳಿ. ಕೊಳೆಯನ್ನು ಎತ್ತಲು ಬೆಂಡೆಯ ಗಿಡವನ್ನು ಜಜ್ಜಿ ತೆಗೆದ ಲೋಳೆ. ಕಾವೇರಿದಂತೆ ಲೋಳೆ ಹೆಪ್ಪುಗಟ್ಟಿ, ರಸದೊಳಗಿನ ಕಶ್ಮಲವನ್ನೆಲ್ಲ ತಬ್ಬಿಕೊಂಡು ನೊರೆಯಾಗಿ ಮೇಲೇಳುತ್ತದೆ. ಜಾಲರಿಯ ಸೌಟಿನಿಂದ ಅದನ್ನು ತೆಗೆದು ಚೆಲ್ಲುತ್ತಾರೆ. ನೂರು ಸೇರು ಕಬ್ಬಿಗೆ ಕೊನೆಯಲ್ಲಿ ಉಳಿಯುವ ಬೆಲ್ಲ ಸುಮಾರು ಹತ್ತು ಸೇರು.

ಆದರೆ ಯಾವ ಬೆಲ್ಲ? ಅದನ್ನು ನಿರ್ಣಯಿಸುವುದು ಹದ. ಪಾಕ ಸುಮಾರು 105 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಇಳಿಸಿದರೆ ಜೋನಿ ಬೆಲ್ಲ. 118ರ ಸುಮಾರಿಗೆ ಇಳಿಸಿದರೆ ಅಚ್ಚಿನ ಬೆಲ್ಲ. ಇನ್ನೆರಡು ಡಿಗ್ರಿ ಏರಿಸಿ, ತಣಿಯುವಾಗ ಉಜ್ಜಿದರೆ ಪುಡಿ ಬೆಲ್ಲ. ಅದನ್ನೂ ಮೀರಿದರೆ ಕಹಿ. ಒಲೆಯ ಮುಂದಿದ್ದ ಅಜ್ಜನ ಬಳಿ ಉಷ್ಣಮಾಪಕವಿರಲಿಲ್ಲ. ನೀರಿನ ಬಟ್ಟಲಿಗೆ ಒಂದಿಷ್ಟು ಪಾಕ ಬಿಟ್ಟು, ಗಟ್ಟಿಯಾದ ಉಂಡೆಯನ್ನು ಬಟ್ಟಲಿನ ಅಂಚಿಗೆ ಬಡಿದರು. ‘ಟಣ್’ ಎಂದಿತು. “ಇಳಸ್ರಿ” ಎಂದರು. ನಾಲ್ವರು ಕೊಪ್ಪರಿಗೆಗೆ ಕೈ ಹಾಕಿದರು.

ಮೂಲೆಯಲ್ಲಿ ಬೆಲ್ಲದ ಎರಡು ರಾಶಿಗಳಿದ್ದವು. ಒಂದು ಅರಿಸಿನದಂತೆ ಹಳದಿ. ಇನ್ನೊಂದು ಸಂಡೂರಿನ ಗುಡ್ಡದ ಮಣ್ಣಿನಂತೆ ಕಡುಗೆಂಪು. ನನ್ನ ಕೈ ತಾನಾಗಿಯೇ ಹಳದಿಯತ್ತ ಹೋಯಿತು. ಅಜ್ಜ ನಕ್ಕರು.

“ಅದು ಪ್ಯಾಟಿಗೆ ಸರ. ಇದು ಮನಿಗೆ.”

“ಹಾಗಾದರೆ ಅದಕ್ಕೇಕೆ ಬಣ್ಣ ಅಜ್ಜಾ?”

“ಬಣ್ಣ ಕಬ್ಬು ಕೇಳೂದಿಲ್ಲ, ನೀವು ಕೇಳ್ತೀರಿ.”

ಹಳದಿಯ ಗುಟ್ಟು ‘ಹೈಡ್ರೋಸ್’ ಎಂಬ ಬಿಳಿಯ ಪುಡಿ. ಅದು ರಸದ ಬಣ್ಣವನ್ನು ತಿಳಿಗೊಳಿಸಿ, ಬೆಲ್ಲದಲ್ಲಿ ಗಂಧಕದ ಅಂಶವನ್ನು ಉಳಿಸುತ್ತದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಹತ್ತು ಲಕ್ಷಕ್ಕೆ 70 ಭಾಗವನ್ನು ಮೀರಕೂಡದೆಂದು ಕಾನೂನಿದೆ. ವಿನೋದವೆಂದರೆ, ಆ ಹಳದಿಯೂ ನಿಲ್ಲುವುದಿಲ್ಲ. ದಾಸ್ತಾನಿನಲ್ಲಿ ಮತ್ತೆ ಕಪ್ಪಾಗುತ್ತದೆ. ಕೊಳ್ಳುವ ಒಂದು ಗಳಿಗೆಗಾಗಿ ಇಷ್ಟೆಲ್ಲ! ವರ್ಷಗಟ್ಟಲೆ ಅಂಗಡಿಯಲ್ಲಿ ‘ಚೆನ್ನಾಗಿರುವುದನ್ನು ಕೊಡಿ’ ಎಂದು ಹಳದಿಯನ್ನು ಬೆರಳಿಟ್ಟು ತೋರಿದವನು ನಾನೇ ಅಲ್ಲವೆ? ಗಾಣದವನನ್ನು ದೂರಲು ನನಗೆ ನಾಲಗೆ ಏಳಲಿಲ್ಲ.

ಅಜ್ಜನ ಚಿಂತೆ ಬೇರೆಯಿತ್ತು. ಹೊಸಪೇಟೆಯ ಚಿತ್ತವಾಡ್ಗಿಯ ಸಕ್ಕರೆ ಕಾರ್ಖಾನೆ ನಿಂತು ವರ್ಷಗಳಾದವು. ಕಬ್ಬು ದೂರದ ಕಾರ್ಖಾನೆಗೆ ಹೋಗಬೇಕು, ಇಲ್ಲವೆ ಗಾಣಕ್ಕೆ ಬರಬೇಕು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ಅದರ ಸಕ್ಕರೆ ಒಡೆದು ಬೇರೆ ಸಕ್ಕರೆಗಳಾಗುತ್ತದೆ, ಅಂಥ ರಸದ ಬೆಲ್ಲ ಗಟ್ಟಿಯಾಗಿ ನಿಲ್ಲದು. ಆದ್ದರಿಂದ ಹತ್ತಿರದ ಗಾಣ ರೈತನಿಗೆ ಬೇಕೇ ಬೇಕು. ಗಾಣಕ್ಕೆ ಹದ ಬಲ್ಲವನು ಬೇಕು.

“ಮಗನಿಗೆ ಕಲಿಸಿದ್ದೀರಾ?” ಎಂದೆ.

“ಹದ ಹೇಳಿಕೊಡೂದಲ್ಲ ಸರ, ನಿಂತು ನೋಡೂದು. ಒಲಿ ಮುಂದ ನಿಲ್ಲೋರು ಯಾರು?”

ಹೊರಡುವಾಗ ಕೆಂಪು ಬೆಲ್ಲದ ಎರಡು ಅಚ್ಚನ್ನು ಕೇಳಿ ಪಡೆದೆ. ಅಜ್ಜ ಅದಕ್ಕೆ ಹಳದಿಯದಕ್ಕಿಂತ ಕಡಿಮೆ ಬೆಲೆ ಹೇಳಿದರು. ಪೇಟೆಯ ಲೆಕ್ಕ ಹಾಗಂತೆ. ನಾನು ಹಳದಿಯ ಬೆಲೆಯನ್ನೇ ಕೊಟ್ಟೆ. ಕೊಳ್ಳುವವರ ಕಣ್ಣಿಗೂ ಒಂದು ಹದ ಬರಬೇಕು. ಅದು ಬರುವ ತನಕ ಆ ಒಲೆಯ ಮುಂದೆ ನಿಲ್ಲಲು ಯಾವ ಮಗ ಬಂದಾನು?